ಬಡ್ತಿ ಬೇಡವೆಂದು ಬರೆದುಕೊಟ್ಟವರು

ಫೆಬ್ರವರಿ 17, ಸೋಮವಾರ

ಮಂಡಿಯ ನೋವಿಗೆ ದಿನವೂ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು ಬರೆದಿಡಿ ಎಂದಳು ಫಿಸಿಯೋಥೆರಪಿಯ ಹುಡುಗಿ. ಅದಕ್ಕಾಗಿ ಈ ನೋಟ್‌ಬುಕ್ ತಂದೆ. ಇವತ್ತು ಆರು. ಬರೆದಾಯಿತು. ಆದರೆ ಇಷ್ಟು ದಪ್ಪದ ಪುಸ್ತಕದಲ್ಲಿ ಒಂದೇ ಒಂದು ಅಂಕಿ ಬರೆದು ಮುಚ್ಚಿಡಲು ಮನಸ್ಸು ಬರುತ್ತಿಲ್ಲ.

ನನಗೆ ಮೂವತ್ತಾರು, ಎಡ ಮಂಡಿಗೆ ಅರವತ್ತು ಎಂದು ಕೋಚ್ ದೊಡ್ಡಹನುಮಯ್ಯ ಎಲ್ಲರ ಮುಂದೆ ರೇಗಿಸುತ್ತಾರೆ. ಹದಿನಾಲ್ಕು ವರ್ಷದಿಂದ ನಿಗಮದ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೇನೆ, ಒಂಬತ್ತು ವರ್ಷದಿಂದ ಕ್ಯಾಪ್ಟನ್. ನಮ್ಮಲ್ಲಿ ಈ ಆಟ ಹೊಟ್ಟೆಪಾಡಾಗುವುದು ಹೀಗೆ: ಕ್ರೀಡಾ ಕೋಟಾದಲ್ಲಿ ಗುಮಾಸ್ತನ ನೌಕರಿ ಸಿಗುತ್ತದೆ. ಬೆಳಿಗ್ಗೆ ರಾಮನಗರದ ಕಚೇರಿಗೆ ಬಂದು ಹಾಜರಿ ಹಾಕಬೇಕು, ಹತ್ತೂವರೆಗೆ ಹಿಂದಿನ ಸಿಮೆಂಟ್ ಕೋರ್ಟಿಗೆ ಇಳಿಯಬೇಕು. ಸಂಬಳ ಗುಮಾಸ್ತನದು, ಕೆಲಸ ಚೆಂಡಿನದು. ಹದಿನಾಲ್ಕು ವರ್ಷದಲ್ಲಿ ನನ್ನ ಮೇಜಿಗೆ ಒಂದು ಕಡತವೂ ಬಂದಿಲ್ಲ.

ಬಡ್ತಿ ಬಂದರೆ ಬೇರೆ ಜಿಲ್ಲೆಗೆ ವರ್ಗ. ತಂಡ ಇರುವುದು ರಾಮನಗರದಲ್ಲಿ ಮಾತ್ರ. ಹಾಗಾಗಿ ಆಟಗಾರರು ಬಡ್ತಿ ಬಂದಾಗಲೆಲ್ಲ ‘ಬೇಡ’ ಎಂದು ಬರೆದುಕೊಡುವುದು ಇಲ್ಲಿ ಮೊದಲಿನಿಂದ ನಡೆದುಬಂದಿದೆ. ನಾನು ಮೂರು ಸಲ ಬರೆದುಕೊಟ್ಟಿದ್ದೇನೆ. ನನ್ನ ಜೊತೆ ಸೇರಿದ ಮನೋಹರ್ ಬಡ್ತಿಯ ಮೇಲೆ ಬೇರೆ ಜಿಲ್ಲೆ ಸುತ್ತಿ ಬಂದು ಈಗ ಇಲ್ಲೇ ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟ್. ನಾನು ‘ನಮಸ್ಕಾರ ಸಾರ್’ ಎನ್ನುತ್ತೇನೆ, ಅವರು ‘ಏನ್ ಪ್ರಭುಲಿಂಗ, ಮ್ಯಾಚ್ ಯಾವಾಗ’ ಎನ್ನುತ್ತಾರೆ.

ಮೇ ತಿಂಗಳಲ್ಲಿ ದೊಡ್ಡಹನುಮಯ್ಯ ನಿವೃತ್ತರಾಗುತ್ತಾರೆ. ಕೋಚ್ ಹುದ್ದೆ ಕ್ಯಾಪ್ಟನ್ನಿಗೆ ಬರುವುದು ವಾಡಿಕೆ. ಅದು ಸಿಕ್ಕರೆ ಮೂರು ಸಲ ಬೇಡವೆಂದದ್ದಕ್ಕೆ ಒಂದು ಅರ್ಥ ಬರುತ್ತದೆ. ಸಿಗದೆ ಹೋದರೆ, ಮಂಡಿ ಕೈಕೊಟ್ಟ ದಿನ ನಾನು ಈ ಕಚೇರಿಯ ಅತ್ಯಂತ ವಯಸ್ಸಾದ, ಏನೂ ಕೆಲಸ ಬಾರದ, ಎಲ್ಲರಿಗಿಂತ ಕೆಳಗಿನ ಗುಮಾಸ್ತ. ಈ ಭಯವನ್ನು ಹೆಂಡತಿಗೂ ಹೇಳಿಲ್ಲ. ಇಲ್ಲಿ ಬರೆದೆ, ಸಾಕು.

ಫೆಬ್ರವರಿ 24, ಸೋಮವಾರ

ನೋವು ಐದು.

ಈ ವರ್ಷದ ಬಡ್ತಿ ಆದೇಶ ಬಂತು. ಆಟಗಾರರಲ್ಲಿ ಒಂದೇ ಹೆಸರು, ಸುಹೇಲ್. ಯಾದಗಿರಿಗೆ, ಪ್ರಥಮ ದರ್ಜೆ ಸಹಾಯಕನಾಗಿ. ನನಗಿಂತ ಒಂಬತ್ತು ವರ್ಷ ತಡವಾಗಿ ನೌಕರಿಗೆ ಸೇರಿದವನು ಪಟ್ಟಿಯಲ್ಲಿ ನನಗಿಂತ ಮೇಲಿದ್ದಾನೆ, ಏಕೆಂದರೆ ಒಮ್ಮೆ ಬೇಡವೆಂದವರನ್ನು ಮೂರು ವರ್ಷ ಪಟ್ಟಿಯಿಂದ ಹೊರಗಿಡುತ್ತಾರೆ, ಆಮೇಲೆ ಸೇರಿಸಿದರೂ ಕೊನೆಯಲ್ಲಿ. ನಿಯಮ ನನಗೆ ಗೊತ್ತಿದ್ದದ್ದೇ. ಆದರೂ ಹೆಸರು ಓದುವಾಗ ಮುಖ ಬಿಸಿಯಾಯಿತು.

ಸುಹೇಲ್ ಚನ್ನಪಟ್ಟಣದ ಹುಡುಗ, ಇಪ್ಪತ್ತಾರು ವಯಸ್ಸು. ಶಾಲೆಯ ಪಂದ್ಯದಲ್ಲಿ ಅವನ ಕೈಚಳಕ ನೋಡಿ ಈ ಕೋರ್ಟಿಗೆ ಕರೆತಂದವನು ನಾನೇ. ಈಗ ಅವನಿಲ್ಲದೆ ನಮ್ಮ ತಂಡದಲ್ಲಿ ಚೆಂಡು ಅರ್ಧ ಕೋರ್ಟು ದಾಟುವುದಿಲ್ಲ. ಮಧ್ಯಾಹ್ನ ಆದೇಶದ ಪ್ರತಿ ಹಿಡಿದುಕೊಂಡು ನೆಟ್ಟಗೆ ನನ್ನ ಹತ್ತಿರ ಬಂದ.

“ಅಣ್ಣ, ಏನ್ ಮಾಡ್ಲಿ? ನೀವ್ ಹೇಳ್ದಂಗೆ.”

“ನಿಂಗೇನ್ ಅನ್ಸುತ್ತೆ?”

“ನಂಗೇನೂ ಅನ್ಸಲ್ಲ ಅಣ್ಣ. ನೀವು ಹೇಳುದ್ರೆ ಹೋಯ್ತೀನಿ, ಬ್ಯಾಡ ಅಂದ್ರೆ ಇರ್ತೀನಿ.”

ಹದಿನೈದು ದಿನ ಗಡುವಿದೆ, ಮಾರ್ಚ್ ಹನ್ನೊಂದರವರೆಗೆ. ಒಸಿ ಯೋಚನೆ ಮಾಡವ ಎಂದು ಕಳಿಸಿದೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ನಿಗಮಗಳ ಟೂರ್ನಿ ಇದೆ. ಕಪ್ ಗೆದ್ದ ವರ್ಷ ಕೋಚ್ ಹುದ್ದೆ ತಪ್ಪಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಸುಹೇಲ್ ಇಲ್ಲದಿದ್ದರೆ ಮೊದಲ ಪಂದ್ಯದಲ್ಲೇ ಗಂಟುಮೂಟೆ ಕಟ್ಟಬೇಕು. ಇದನ್ನು ಬರೆಯುವಾಗ ಸ್ವಾರ್ಥದಂತೆ ಕಾಣುತ್ತದೆ, ಆದರೆ ತಂಡದ ಕ್ಯಾಪ್ಟನ್ ತಂಡದ ಬಗ್ಗೆ ಯೋಚಿಸದೆ ಇನ್ನೇನು ಮಾಡಬೇಕು.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಹಬ್ಬಕ್ಕೆ ಮಾಗಡಿಯ ಊರಮನೆಗೆ ಬಂದಿದ್ದೇವೆ. ಪೂಜೆ ಮುಗಿದ ಮೇಲೆ ಹೆಂಡತಿ ಸೌಮ್ಯಶ್ರೀ ಹಿತ್ತಿಲಲ್ಲಿ ಬಿಲ್ವಪತ್ರೆಯ ತಟ್ಟೆ ತೊಳೆಯುತ್ತಾ ಸುಹೇಲನ ವಿಷಯ ಎತ್ತಿದಳು. ಅವನೇ ಫೋನಿನಲ್ಲಿ ಹೇಳಿದನಂತೆ, ಅತ್ತಿಗೆಗೆ ಹೇಳದೆ ಅವನಿಗೆ ಸಮಾಧಾನವಿಲ್ಲ.

“ಹೋಗು ಅನ್ರೀ ಆ ಹುಡ್ಗಂಗೆ.”

“ಅವ್ನು ಆಡೋ ವಯಸ್ಸು ಕಣೆ.”

“ನೀವೂ ಆಡೋ ವಯಸ್ಸಲ್ಲೇ ಬರ್ಕೊಟ್ಟಿದ್ದು. ಮೂರ್ ಸಲಾನೂ ಕಾಗ್ದ ಕೊಟ್ ಬಂದ್ಮೇಲೇ ನಂಗೆ ಹೇಳಿದ್ದು ನೀವು. ನಾನೇನಾದ್ರೂ ಅಂದ್ನಾ? ನಿಮ್ಗಂತೂ ಹೇಳೋರಿರ್ಲಿಲ್ಲ. ಅವನ್ಗಾದ್ರೂ ಒಬ್ರಿರ್ಲಿ.”

ನನಗೆ ಸಿಟ್ಟು ಬಂತು. ಆಟದ ವಿಷಯ ನಿಂಗೇನ್ ಗೊತ್ತು ಎಂದುಬಿಟ್ಟೆ. ಅವಳು ತಟ್ಟೆ ಬೋರಲು ಹಾಕಿ ಒಳಗೆ ಹೋದಳು. ಜಾಗರಣೆಗೆ ಕೂತವರ ಮಧ್ಯೆ ನಾವಿಬ್ಬರು ಬೇರೆ ಬೇರೆ ಮೂಲೆಯಲ್ಲಿ ಕೂತೆವು. ನಮ್ಮ ಮಗಳು ಮಾತ್ರ ಇಬ್ಬರ ತೊಡೆಯ ಮೇಲೂ ಪಾಳಿಯಂತೆ ಮಲಗಿದಳು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ಗೊತ್ತು. ಗೊತ್ತಿರುವುದಕ್ಕೇ ಸಿಟ್ಟು.

ಮಾರ್ಚ್ 1, ಶನಿವಾರ

ಚನ್ನಪಟ್ಟಣಕ್ಕೆ ಹೋಗಿದ್ದೆ. ನಾಳೆಯಿಂದ ರಂಜಾನ್ ಉಪವಾಸ. ಸುಹೇಲನ ತಾಯಿ ಮುನ್ನೀ ಹೊಲಿಗೆ ಯಂತ್ರ ನಿಲ್ಲಿಸಿ, ಬಟ್ಟೆಯ ರಾಶಿ ಸರಿಸಿ, ನನಗೆ ಕುರ್ಚಿ ಹಾಕಿದರು. ನನ್ನ ಎತ್ತರಕ್ಕೆ ಆ ಮನೆಯ ಬಾಗಿಲು ಚಿಕ್ಕದು, ಪ್ರತಿ ಸಲವೂ ಹಣೆ ತಾಗುತ್ತದೆ, ಅವರು ಪ್ರತಿ ಸಲವೂ ಬಾಗಿಲಿಗೇ ಬೈಯುತ್ತಾರೆ.

“ಯಾದಗಿರಿ ದೂರ ಅಂತೆ. ಆದ್ರೂ ದೊಡ್ಡ ಪೋಸ್ಟು ಅಲ್ವಾ ಅಣ್ಣ? ಹುಡುಗಿ ಕಡೆಯೋರು ಮೊದ್ಲು ಅದೇ ಕೇಳ್ತಾರೆ, ಯಾವ ಪೋಸ್ಟು ಅಂತ.” ಚಹಾ ಕೊಡುತ್ತಾ ಅಂದರು. “ಇವ್ನಪ್ಪ ಹೋದ್ಮೇಲೆ ಇವನ್ಗೆ ನೀವೇ. ಏನ್ ಒಳ್ಳೇದೋ ನೀವೇ ಹೇಳ್ಬುಡಿ.”

ಸುಹೇಲ್ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಹೇಳಿದೆ. ಬಡ್ತಿ ಅರವತ್ತು ವರ್ಷದವರೆಗೂ ಬರುತ್ತಲೇ ಇರುತ್ತದೆ, ಕಾಲು ಮಾತ್ರ ನಾಲ್ಕೈದು ವರ್ಷ. ಯಾದಗಿರಿಯಲ್ಲಿ ಕೂತರೆ ಆರು ತಿಂಗಳಲ್ಲಿ ಹೊಟ್ಟೆ ಬರುತ್ತದೆ. ಇಲ್ಲಿದ್ದರೆ ಇನ್ನೆರಡು ವರ್ಷದಲ್ಲಿ ರಾಜ್ಯ ತಂಡ, ಆಮೇಲೆ ಯಾವುದಾದರೂ ಖಾಸಗಿ ಲೀಗ್ ಬಂದರೂ ಬರಬಹುದು. ನಾನು ಕೋಚ್ ಆದರೆ ನೀನು ಕ್ಯಾಪ್ಟನ್. ಮಾತು ತಾನಾಗಿ ಬರುತ್ತಿತ್ತು. ಹದಿನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡ ಮಾತು, ಎಲ್ಲೂ ತಡವರಿಸಲಿಲ್ಲ.

ಮುನ್ನೀ ತಲೆಯಾಡಿಸಿದರು. “ನೀವ್ ಹೇಳಿದ್ರೆ ಮುಗೀತು.”

ಬಸ್ಸಿನಲ್ಲಿ ವಾಪಸ್ ಬರುವಾಗ ಕೆಂಗಲ್ ಹತ್ತಿರ ಹನುಮಂತರಾಯನಿಗೆ ಕೈ ಮುಗಿದೆ. ನಾನು ನಂಬಿದ್ದನ್ನೇ ಹೇಳಿದ್ದೇನೆ. ನಂಬದ್ದನ್ನು ಒಂದನ್ನೂ ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಸುಹೇಲ್ ಬರೆದುಕೊಟ್ಟ. ಒಕ್ಕಣೆ ನನಗೆ ಬಾಯಿಪಾಠ, ನಾನೇ ಹೇಳಿ ಬರೆಸಿದೆ. ‘ವೈಯಕ್ತಿಕ ಕಾರಣಗಳಿಂದಾಗಿ, ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ...’ ಅಲ್ಲಿಗೆ ಬಂದಾಗ ಪೆನ್ನು ಎತ್ತಿ ನಕ್ಕ. “ನಿಮ್ ಒತ್ತಾಯ ಅಂತ ಬರೀಲಾ ಅಣ್ಣ?” ನಾನೂ ನಕ್ಕು ತಲೆಗೊಂದು ಮೊಟಕಿದೆ.

ದೊಡ್ಡಹನುಮಯ್ಯ ಕೋರ್ಟಿನ ಕಟ್ಟೆಯ ಮೇಲೆ ಕೂತು ವಿಷಯ ಕೇಳಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. “ಲೇ ಪ್ರಭು, ನಿನ್ ಕೈಲಿ ಮೂರ್ ಸಲಾನೂ ನಾನೇ ಬರ್ಸಿದ್ದು. ಪಾಪ ಹತ್ಕೊಂಡೈತೋ ಏನೋ ಕಣ್ಲಾ ನಂಗೆ,” ಎಂದು ವಿಸಿಲ್ ಊದಿಕೊಂಡು ಎದ್ದು ಹೋದರು.

ನೋವು ನಾಲ್ಕು.

ಮಾರ್ಚ್ 6, ಗುರುವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಮನೋಹರ್ ಮಧ್ಯಾಹ್ನ ಕೋಣೆಗೆ ಕರೆದು ಬಾಗಿಲು ಹಾಕಿದರು. ಕೇಂದ್ರ ಕಚೇರಿಯಿಂದ ಕಡತ ಬಂದಿದೆಯಂತೆ. ಖರ್ಚು ಕಡಿತದ ನೆಪದಲ್ಲಿ ನಿಗಮದ ಎಲ್ಲ ಕ್ರೀಡಾ ತಂಡಗಳನ್ನೂ ಏಪ್ರಿಲ್ ಒಂದರಿಂದ ಮುಚ್ಚುತ್ತಾರೆ. ತೀರ್ಮಾನ ಆಗಿಹೋಗಿದೆ, ಆದೇಶ ಹೊರಬೀಳುವುದು ತಿಂಗಳ ಕೊನೆಗೆ. ಆಟಗಾರರು ಅವರವರ ಮೇಜಿಗೆ ವಾಪಸ್. ಕೋಚ್ ಹುದ್ದೆ ರದ್ದು.

ನನಗೆ ಒಂದು ಕ್ಷಣ ಕಿವಿ ಕೇಳಿಸಲಿಲ್ಲ.

“ಎಲ್ಲರ್ಗೂ ಹೇಳ್ಕಂಡ್ ತಿರುಗ್ಬೇಡಿ,” ಎಂದರು ಮನೋಹರ್. “ಸುಹೇಲ್‌ಗೆ ಮಾತ್ರ ಹೇಳಿ. ಹನ್ನೊಂದ್ನೇ ತಾರೀಕಿನ ಸಂಜೆವರ್ಗೂ ಅವ್ನು ಆ ಕಾಗ್ದ ವಾಪಸ್ ತಗಬೋದು. ನಾನೇ ಹೇಳಿದ್ರೆ ಫೈಲಿನ ವಿಷ್ಯ ಹೊರಗ್ ಬಿಟ್ಟೆ ಅಂತ ನನ್ ಕುತ್ತಿಗೆಗೆ ಬತ್ತದೆ. ನೀವು ಅವನ್ ಕ್ಯಾಪ್ಟನ್ನು. ನಿಮ್ಮನ್ ನಂಬಿ ಹೇಳ್ತಿದ್ದೀನಿ.”

ಹೇಳ್ತೀನಿ ಎಂದೆ. ಎದ್ದು ಬಾಗಿಲ ಹತ್ತಿರ ಬಂದಾಗ ಅವರು ಇನ್ನೊಂದು ಮಾತು ಸೇರಿಸಿದರು. “ಅವ್ನು ವಾಪಸ್ ತಗಳ್ದೆ ಹೋದ್ರೆ ಪಟ್ಟೀಲಿ ಮುಂದಿನ ಹೆಸ್ರು ನಿಮ್ದೇ. ಗೊತ್ತಿರ್ಲಿ ಅಂತ ಹೇಳ್ದೆ.” ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿನಾಲ್ಕು ವರ್ಷ. ಒಂದು ಟಿಪ್ಪಣಿ, ಒಂದು ಸಹಿ, ಮುಗಿಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಮಗಳು ಹೋಂವರ್ಕ್ ತೋರಿಸಲು ಬಂದರೆ ಗದರಿದೆ.

ನಾಳೆ ಸುಹೇಲನಿಗೆ ಹೇಳಬೇಕು.

ಮಾರ್ಚ್ 7, ಶುಕ್ರವಾರ

ಹೇಳಲಾಗಲಿಲ್ಲ. ಉಪವಾಸದಲ್ಲಿ ಎರಡು ಗಂಟೆ ಓಡಿ, ನೀರೂ ಕುಡಿಯದೆ ನಮಾಜಿಗೆ ಹೊರಟಿದ್ದ. ಅಂಥ ಹೊತ್ತಿನಲ್ಲಿ ಹೇಳುವ ಮಾತಲ್ಲ.

ಮಾರ್ಚ್ 9, ಭಾನುವಾರ

ಸಂಜೆ ಅಭ್ಯಾಸ. ಸುಹೇಲ್ ಆಡಿದ್ದನ್ನು ನೋಡಿ ದೊಡ್ಡಹನುಮಯ್ಯನವರೇ ವಿಸಿಲ್ ಊದುವುದನ್ನು ಮರೆತರು. ಮೂವರು ಸುತ್ತುವರಿದರೂ ಚೆಂಡು ನೋಡದೆಯೇ ನನ್ನ ಕೈಗೆ ತಲುಪಿಸುತ್ತಾನೆ. ನನ್ನ ಮಂಡಿ ಎಷ್ಟು ಮಡಚುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ನಾನು ಹಾರಬೇಕಾಗದ ಎತ್ತರಕ್ಕೇ ಕೊಡುತ್ತಾನೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಅವನೂ ಹೇಳಿಲ್ಲ.

ಹೊತ್ತು ಮುಳುಗಿದ ಮೇಲೆ ಕೋರ್ಟಿನ ಕಟ್ಟೆಯ ಮೇಲೆ ಕೂತು ಖರ್ಜೂರ ಬಿಚ್ಚಿದ. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡು ಎರಡನೆಯದನ್ನು ನನಗೆ ಕೊಟ್ಟ. ಅಲ್ಲಿ ನಾವಿಬ್ಬರೇ ಇದ್ದೆವು. ಹೇಳಬೇಕೆಂದು ಬಾಯಿ ತೆರೆದೆ.

“ಅಣ್ಣ, ಕಾಗ್ದ ಕೊಟ್ಮೇಲೆ ಎಷ್ಟ್ ನಿರಾಳ ಆಗೈತೆ ಗೊತ್ತಾ,” ಎಂದ ಅವನೇ. “ಒಂದ್ ವಾರ ನಿದ್ದೇನೇ ಇರ್ಲಿಲ್ಲ. ಈಗ ಬರೀ ಆಟ ಅಷ್ಟೇಯ.”

ಈ ನಿರಾಳವನ್ನು ಕೆಡಿಸುವುದು ಹೇಗೆ. ಟೂರ್ನಿ ಹದಿನಾಲ್ಕಕ್ಕೆ ಶುರು. ಹೇಳಿದರೆ ಅವನು ಕಾಗದ ವಾಪಸ್ ಪಡೆದು ಯಾದಗಿರಿಗೆ ಹೊರಡುತ್ತಾನೆ, ತಂಡ ಆಡುವ ಮೊದಲೇ ಸಾಯುತ್ತದೆ. ಹೇಳದಿದ್ದರೆ ಕಪ್ ಗೆಲ್ಲಬಹುದು. ಕಪ್ ಗೆದ್ದ ತಂಡವನ್ನು ಮುಚ್ಚಲು ಕೇಂದ್ರ ಕಚೇರಿಯವರೂ ಎರಡು ಸಲ ಯೋಚಿಸಬೇಕಾಗುತ್ತದೆ. ಹಾಗೆ ನೋಡಿದರೆ ಹೇಳದಿರುವುದರಿಂದ ಅವನಿಗೂ ಒಳ್ಳೆಯದಾಗಬಹುದು. ಇದನ್ನು ಮನೋಹರ್ ಯೋಚಿಸಿಲ್ಲ. ಆಟ ಆಡಿದವರಿಗೆ ಮಾತ್ರ ಗೊತ್ತಾಗುವ ವಿಷಯ ಇದು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆಯಿಂದ ಮನೋಹರ್ ನನ್ನ ಮುಖ ನೋಡುತ್ತಿದ್ದರು. ಹನ್ನೊಂದು ಗಂಟೆಗೆ ಕಾರಿಡಾರಿನಲ್ಲಿ ಸಿಕ್ಕಿ “ಹೇಳುದ್ರಾ?” ಎಂದು ಕೇಳಿದರು. “ಮಾತಾಡ್ದೆ ಸಾರ್,” ಎಂದೆ. ಮಾತಾಡಿದ್ದೆ, ಅದು ಸುಳ್ಳಲ್ಲ. ಬೆಳಿಗ್ಗೆ ಹತ್ತು ನಿಮಿಷ ಎಡಗೈ ಹೊಡೆತದ ಬಗ್ಗೆ ಮಾತಾಡಿದ್ದೆ.

“ಏನಂದ?”

“ಇಲ್ಲೇ ಇರ್ತೀನಿ ಅಂತಾನೆ.”

ಅದೂ ಸುಳ್ಳಲ್ಲ. ಅವನು ಅಂದದ್ದೇ ಅದು. ಮನೋಹರ್ ತಲೆ ಕೊಡವಿ “ಹುಚ್ಚು ನನ್ಮಗ” ಎನ್ನುತ್ತಾ ಹೋದರು.

ನಾಲ್ಕು ಗಂಟೆಗೆ ಎದ್ದು ಸುಹೇಲನ ಮೇಜಿನವರೆಗೆ ಹೋದೆ. ಅವನು ಖಾಲಿ ಮೇಜಿನ ಮೇಲೆ ಕೈಯಿಟ್ಟು ಬೆರಳಲ್ಲಿ ತಾಳ ಹಾಕುತ್ತಾ ಕೂತಿದ್ದ. ಮನೋಹರ್ ಕೋಣೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ಒಂದು ವಾಕ್ಯ ಸಾಕಿತ್ತು. ಹೋಗಿ ವಾಪಸ್ ತಗೋ ಕಣೋ, ಏನೂ ಕೇಳಬೇಡ, ಅಷ್ಟೇ.

“ಏನಣ್ಣ?”

“ನಾಳೆ ಬೆಳಿಗ್ಗೆ ಬೇಗ ಬಾ. ಎಡಗೈ ಇನ್ನೂ ಒಸಿ ಸರಿ ಹೋಗ್ಬೇಕು.”

“ಬತ್ತೀನಿ ಅಣ್ಣ.”

ಐದೂವರೆಗೆ ಜವಾನ ಕಿಟಕಿಗಳನ್ನು ಹಾಕಿದ. ನನಗೆ ಭಯವಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಯಾವುದರ ಭಯ ಎಂದು ಬರೆಯಲು ಕೂತರೆ ಕೈ ಓಡುತ್ತಿಲ್ಲ.

ಮಾರ್ಚ್ 12, ಬುಧವಾರ

ನೋವು ಮೂರು.

ಮಾರ್ಚ್ 16, ಭಾನುವಾರ

ಗೆದ್ದೆವು!

ಫೈನಲ್ಲಿನಲ್ಲಿ ನಾನು ಆಡಿದ್ದು ಒಟ್ಟು ಆರು ನಿಮಿಷ, ಆಮೇಲೆ ಮಂಡಿಗೆ ಐಸ್ ಕಟ್ಟಿಕೊಂಡು ಬೆಂಚಿನ ಮೇಲೆ. ಕೊನೆಯ ಹನ್ನೊಂದು ಸೆಕೆಂಡು, ಒಂದು ಪಾಯಿಂಟ್ ಹಿಂದೆ, ಚೆಂಡು ಸುಹೇಲನ ಕೈಯಲ್ಲಿ. ಎಡಗಡೆಯಿಂದ ನುಗ್ಗಿ ಎಡಗೈಯಲ್ಲೇ ಹಾಕಿದ. ನಾನು ಕುಂಟುತ್ತಲೇ ಕೋರ್ಟಿಗೆ ಓಡಿದೆ. ಅವನು ನನ್ನನ್ನು ಎತ್ತಲು ಹೋಗಿ ಆಗದೆ ಇಬ್ಬರೂ ಬಿದ್ದೆವು. ದೊಡ್ಡಹನುಮಯ್ಯ ಅಳುತ್ತಿದ್ದರು. ಕಪ್ಪನ್ನು ಸುಹೇಲ್ ನನ್ನ ಕೈಗೇ ಕೊಟ್ಟ, ಕ್ಯಾಪ್ಟನ್ ಹಿಡೀಬೇಕು ಎಂದು.

ಹನ್ನೊಂದರಂದು ನಾನು ಬಾಯಿಬಿಟ್ಟಿದ್ದರೆ ಇದೆಲ್ಲ ಇರುತ್ತಿತ್ತೇ? ಇನ್ನು ತಂಡ ಉಳಿದೇ ಉಳಿಯುತ್ತದೆ. ಬಿಡದಿಯಲ್ಲಿ ಗಾಡಿ ನಿಲ್ಲಿಸಿ ಹುಡುಗರಿಗೆಲ್ಲ ತಟ್ಟೆ ಇಡ್ಲಿ ಕೊಡಿಸಿದೆ. ಹೊತ್ತು ಮುಳುಗುವವರೆಗೆ ಸುಹೇಲನಿಗಾಗಿ ಎಲ್ಲರೂ ಕಾದೆವು.

ಏಪ್ರಿಲ್ 1, ಮಂಗಳವಾರ

ಮೊನ್ನೆ ಯುಗಾದಿ, ನಿನ್ನೆ ರಂಜಾನ್ ಹಬ್ಬ, ಇವತ್ತು ಆದೇಶ. ನೋಟಿಸ್ ಬೋರ್ಡಿನ ಗಾಜಿನೊಳಗೆ ನಮ್ಮ ಕಪ್ಪಿನ ಫೋಟೋ ಇತ್ತು. ಜವಾನ ಅದರ ಪಕ್ಕದಲ್ಲಿ ಜಾಗ ಸಾಲದೆ ಫೋಟೋ ತೆಗೆದು ಆದೇಶ ಅಂಟಿಸಿದ.

ಕೋರ್ಟಿಗೆ ಬೀಗ ಹಾಕಿದರು. ದೊಡ್ಡಹನುಮಯ್ಯ ಚೆಂಡುಗಳ ಚೀಲವನ್ನು ಸ್ಟೋರಿಗೆ ಒಪ್ಪಿಸಿ ರಸೀದಿ ತೆಗೆದುಕೊಂಡರು. “ಇನ್ನೆರಡ್ ತಿಂಗ್ಳು ನಾನೇನ್ಲಾ ಮಾಡ್ಲಿ, ಫ್ಯಾನ್ ಕೆಳ್ಗೆ ಕುಂತ್ಕಂಡು?” ಎಂದರು.

ಸುಹೇಲನನ್ನು ಟಪಾಲು ವಿಭಾಗಕ್ಕೆ ಹಾಕಿದ್ದಾರೆ. ಬಂದ ಕಾಗದಗಳನ್ನು ರಿಜಿಸ್ಟರಿಗೆ ಏರಿಸಬೇಕು. ಮಧ್ಯಾಹ್ನ ನೋಡಿದರೆ, ರಿಜಿಸ್ಟರ್ ಮುಂದಿಟ್ಟುಕೊಂಡು ಯಾವ ಕಾಲಮ್ಮಿಗೆ ಏನು ಬರೆಯಬೇಕೆಂದು ಗೊತ್ತಾಗದೆ ಕೂತಿದ್ದ. ಮೊನ್ನೆ ಸೇರಿದ ಹುಡುಗಿಯೊಬ್ಬಳು ಹೇಳಿಕೊಡುತ್ತಿದ್ದಳು. ಅಷ್ಟು ಉದ್ದದ ಕೈಗಳನ್ನು ಆ ಮೇಜಿನ ಮೇಲೆ ಎಲ್ಲಿ ಇಡುವುದೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ನೋಡಲಾಗದೆ ಈಚೆಗೆ ಬಂದೆ.

ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಸಿಕ್ಕ. “ಯಾರ್ಗ್ ಗೊತ್ತಿತ್ತು ಅಲ್ವಾ ಅಣ್ಣ,” ಎಂದ. “ನಿಮ್ಗೂ ಹಿಂಗಾಯ್ತಲ್ಲ. ಮೇ ತಿಂಗ್ಳು ಕೋಚ್ ಆಗ್ಬೇಕಿತ್ತು ನೀವು.” ನನಗೋಸ್ಕರ ಬೇಜಾರು ಮಾಡಿಕೊಳ್ಳುತ್ತಿದ್ದ.

ಏಪ್ರಿಲ್ 3, ಗುರುವಾರ

ಮನೋಹರ್ ಆದೇಶದ ಪ್ರತಿ ಕೈಗೆ ಕೊಟ್ಟರು. ಯಾದಗಿರಿ, ಪ್ರಥಮ ದರ್ಜೆ ಸಹಾಯಕ, ನನ್ನ ಹೆಸರು. ಕೂತ್ಕಳ್ಳಿ ಎಂದೂ ಹೇಳಲಿಲ್ಲ.

ನಾನು ಕೇಳಿದ್ದಲ್ಲ, ಇದು ತಾನಾಗಿ ಬಂದದ್ದು. ಬೇಡವೆಂದು ಬರೆದುಕೊಡಬಹುದು. ಬರೆದುಕೊಟ್ಟರೆ ಸುಹೇಲನಿಗೆ ವಾಪಸ್ ಸಿಗುತ್ತದೆಯೇ? ಸಿಗುವುದಿಲ್ಲ, ಅವನ ಹೆಸರು ಮೂರು ವರ್ಷ ಹೊರಗೆ. ಯಾರೋ ಮೂರನೆಯವನಿಗೆ ಹೋಗುತ್ತದೆ. ಯಾರಿಗೂ ಉಪಯೋಗವಿಲ್ಲದ ತ್ಯಾಗ ಯಾಕೆ ಮಾಡಬೇಕು. ಮೂರು ಸಲ ಮಾಡಿದ್ದೇನೆ, ಸಾಕು.

ಏಪ್ರಿಲ್ 4, ಶುಕ್ರವಾರ

ಸೌಮ್ಯಶ್ರೀಗೆ ಹೇಳಿದೆ. ನಾಲ್ಕನೇ ಸಲಕ್ಕಾದರೂ ಕಾಗದ ಕೊಡುವ ಮೊದಲು ಹೇಳಿದ್ದೇನೆ. ಮುಖ ಅರಳಿತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈ ಇಳಿಸಿದಳು.

“ಯಾದಗಿರಿ ಸುಹೇಲ್‌ಗೆ ಬಂದಿದ್ದಲ್ವೇನ್ರೀ?”

“ಅವ್ನು ಬಿಟ್ಟ.”

“ಅವ್ನು ಬಿಟ್ನೋ...” ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಕೂತಳು. ರಾಯಚೂರಿನ ಆಚೆ ಬಿಸಿಲು ಜಾಸ್ತಿ, ಈ ವರ್ಷ ಶಾಲೆ ಬದಲಿಸುವುದು ಬೇಡ, ನೀವು ಮೊದಲು ಹೋಗಿ ಮನೆ ನೋಡಿ ಎಂದಳು. ಸಂತೋಷವಾಗಿದೆ ಅವಳಿಗೆ, ತೋರಿಸಿಕೊಳ್ಳುತ್ತಿಲ್ಲ ಅಷ್ಟೇ.

ಏಪ್ರಿಲ್ 11, ಶುಕ್ರವಾರ

ಒಪ್ಪಿಗೆ ಪತ್ರ ಕೊಟ್ಟೆ. ಇದರ ಒಕ್ಕಣೆ ನನಗೆ ಬರುತ್ತಿರಲಿಲ್ಲ. ಟಪಾಲು ವಿಭಾಗದಲ್ಲಿ ಮಾದರಿ ಇರುತ್ತದೆ ಎಂದರು. ಹೋದರೆ ಸುಹೇಲನೇ ಹುಡುಕಿ ಕೊಟ್ಟ. ಹತ್ತು ದಿನದಲ್ಲಿ ಕೆಲಸ ಕಲಿತುಬಿಟ್ಟಿದ್ದಾನೆ, ಚುರುಕು ಹುಡುಗ. ನನ್ನ ಪತ್ರಕ್ಕೆ ಅವನೇ ನಂಬರ್ ಹಾಕಿ, ಸೀಲು ಒತ್ತಿ, ರಿಜಿಸ್ಟರಿನಲ್ಲಿ ಏರಿಸಿದ.

“ಒಳ್ಳೇದಾಯ್ತು ಅಣ್ಣ. ನಿಮ್ಗೇ ಬಂತಲ್ಲ, ಬೇರೆ ಯಾರ್ಗೋ ಹೋಗ್ನಿಲ್ವಲ್ಲ.”

ಎಲ್ಲರೂ ಅವನಷ್ಟು ಸರಳವಾಗಿ ಯೋಚಿಸಿದ್ದರೆ ಚೆನ್ನಾಗಿತ್ತು. ಮುನ್ನೀಗೆ ನಾನೇ ಫೋನ್ ಮಾಡಿ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ. ಸುಹೇಲನಿಗೆ ನೋಡಿದ್ದ ಹುಡುಗಿಯ ಕಡೆಯವರು ಬೇರೆ ಸಂಬಂಧ ನೋಡಿಕೊಂಡರು ಎಂದು ದೊಡ್ಡಹನುಮಯ್ಯ ಹೇಳಿದರು. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಏಪ್ರಿಲ್ 23, ಬುಧವಾರ

ಸಾಮಾನು ಕಟ್ಟುವುದೇ ಆಯಿತು. ಹಳೆಯ ಜರ್ಸಿಗಳನ್ನು ಸೌಮ್ಯಶ್ರೀ ನೆಲ ಒರೆಸಲು ತೆಗೆದುಕೊಂಡಳು. ಬೇಡ ಅನ್ನಲು ನನಗೂ ಕಾರಣ ಸಿಗಲಿಲ್ಲ.

ಏಪ್ರಿಲ್ 29, ಮಂಗಳವಾರ

ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಅಂಕುಡೊಂಕು.

ರಾಮನಗರ ಸ್ಟೇಷನ್ನಿಗೆ ಬರಬೇಡ ಎಂದರೂ ಸುಹೇಲ್ ಬಂದ. ನನ್ನ ಎರಡೂ ಚೀಲ ಅವನೇ ಹೊತ್ತ, ಮೇಲ್ಸೇತುವೆಯ ಮೆಟ್ಟಿಲಲ್ಲಿ ನನ್ನ ಮಂಡಿಗೆ ತಕ್ಕಂತೆ ನಿಂತು ನಿಂತು ಇಳಿದ. ಪ್ಲಾಟ್‌ಫಾರ್ಮಿನಲ್ಲಿ ಬೆಂಚು ಖಾಲಿಯಿತ್ತು. ಕೂತೆವು.

“ಅಣ್ಣ, ಒಂದ್ ವಿಷ್ಯ. ಹೇಳ್ಬಾರ್ದು ಅನ್ಕಂಡಿದ್ದೆ, ಆದ್ರೆ ಹೊಟ್ಟೇಲಿ ಇಟ್ಕಳ್ಳಕ್ ಆಗ್ತಿಲ್ಲ.”

“ಹೇಳು.”

“ಮನೋಹರ್ ಸಾರ್ ಮೊನ್ನೆ ನನ್ ಕರ್ದು ಅಂದ್ರು. ತಂಡ ಮುಚ್ತಾರೆ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಂತೆ. ನನ್ ಕಾಗ್ದ ವಾಪಸ್ ತಗಳ್ಳಕೆ ಇನ್ನೂ ಐದ್ ದಿನ ಇದ್ದಾಗ್ಲೇ ನಿಮ್ಗೆ ಹೇಳಿದ್ರಂತೆ. ನನ್ಗೆ ಹೇಳಿ ಅಂತಾನೂ ಹೇಳಿದ್ರಂತೆ.”

ನಾನು ಹಳಿಯ ಮೇಲೆ ಕಣ್ಣಿಟ್ಟು ಕೂತೆ. ಅವನತ್ತ ತಿರುಗಲಿಲ್ಲ.

“ನಾನ್ ಸುಮ್ನಿರ್ಲಿಲ್ಲ ಅಣ್ಣ. ಸೂಪರಿಂಟೆಂಡೆಂಟ್ ಅಂತಾನೂ ನೋಡ್ನಿಲ್ಲ, ಎಲ್ಲಾರ ಮುಂದೇನೇ ಅಂದ್ಬುಟ್ಟೆ. ನಮ್ಮಣ್ಣನ್ ಬಗ್ಗೆ ಹಿಂಗೆಲ್ಲ ಹೇಳ್ಬ್ಯಾಡಿ ಸಾರ್, ಗೊತ್ತಿದ್ರೆ ಅವ್ರು ಅವತ್ತೇ ನಮ್ಮನೆ ಬಾಗ್ಲಿಗ್ ಬಂದ್ ಹೇಳಿರೋರು ಅಂದೆ. ಅವ್ರಿಗೆ ಸಿಟ್ಟು ಬಂತು. ಈಗ ನನ್ ಮ್ಯಾಲೆ ಮೆಮೋ ಕೊಟ್ಟವ್ರೆ, ಹಿರಿಯ ಅಧಿಕಾರಿಗೆ ಎದುರುತ್ತರ ಕೊಟ್ಟ ಅಂತ. ಕೊಡ್ಲಿ ಬುಡಿ.”

ರೈಲು ಬಂತು. ಚೀಲಗಳನ್ನು ಒಳಗೆ ಇಟ್ಟು, ಸೀಟು ನೋಡಿ, ಕೆಳಗಿಳಿದು ಕಿಟಕಿಯ ಹತ್ತಿರ ನಿಂತ. ಅಷ್ಟು ಎತ್ತರದವನಾದ್ದರಿಂದ ಅವನ ಮುಖ ನನ್ನ ಮುಖಕ್ಕೆ ಸರಿಯಾಗಿ ಎದುರಿಗಿತ್ತು.

“ಅಲ್ವಾ ಅಣ್ಣ?” ಎಂದ.

ನಾನು ಸರಳುಗಳ ಮಧ್ಯೆ ಕೈ ಹಾಕಿ ಅವನ ತಲೆ ಸವರಿದೆ. “ಬಿಸ್ಲಲ್ಲಿ ನಿಲ್ಬೇಡ. ಹೋಗು, ಊಟ ಮಾಡ್ಕೊ,” ಎಂದೆ. ರೈಲು ಹೊರಟಿತು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಕಿಟಕಿಯ ಜೊತೆಗೇ ನಡೆದುಬಂದ, ಆಮೇಲೆ ಕೈ ಎತ್ತಿದ.

ಈಗ ಬಿಡದಿ ದಾಟಿತು. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ, ಆದರೆ ಸಮಾಧಾನವೂ ಆಗಿದೆ. ಅವನು ನಂಬಲಿಲ್ಲ, ಅಷ್ಟು ಸಾಕು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವನಿಗೆ ಇವತ್ತಿನವರೆಗೂ ನಾನು ಒಂದೇ ಒಂದು ಸುಳ್ಳು ಹೇಳಿಲ್ಲ.

ಮನೋಹರ್ ಮಾತ್ರ ಹೀಗೆ ಮಾಡಬಾರದಿತ್ತು. ನಂಬಿಕೆಯ ಮೇಲೆ ನಡೆದ ಮಾತನ್ನು ಹೊರಗೆ ಬಿಟ್ಟುಕೊಟ್ಟು ಒಬ್ಬರ ಮನಸ್ಸು ಕೆಡಿಸಲು ಹೋಗುವುದು ಎಂಥ ಸ್ವಭಾವವೋ. ಯಾದಗಿರಿಗೆ ಹೋದ ಮೇಲೆ ಅವರಿಗೆ ಫೋನ್ ಮಾಡಿ ಇದನ್ನು ಕೇಳಲೇಬೇಕು.